ಎಡಮುಖದ ಹಿಟ್ಟು

ಪುಣೆಯ ಭವಾನಿ ಪೇಠೆ, ಟಿಂಬರ್ ಮಾರ್ಕೆಟ್ಟು,
ಪ್ಲೈವುಡ್ ಗೋದಾಮಿನ ಮೇಲ್ಮಾಳಿಗೆಯಲ್ಲಿ ನಮ್ಮ ತಾಲೀಮು.
ಕೆಳಗಿನ ಗರಗಸ ಹಿಡಿದ ಸ್ವರ, ಅಳೆದು ನೋಡಿದರೆ,
ಕರಿ ಎರಡಕ್ಕಿಂತ ಕೂದಲೆಳೆ ಕೆಳಗೆ.
ಸಾಗುವಾನಿ ಸೀಳಿದರೆ ಒಂದು ದನಿ, ಬೇವಿಗೆ ಇನ್ನೊಂದು.
ಮೊದಲ ದಿನ ಬೈದೆ.
ಮೂರನೆಯ ದಿನ ಸುತ್ತಿಗೆಯಿಂದ ತಟ್ಟಿ ತಟ್ಟಿ
ಪಖವಾಜನ್ನು ಅದಕ್ಕೇ ಇಳಿಸಿದೆ.
ಸೆಲೊ ಹಿಡಿದ ನೆವಿಲ್ ಏನೂ ಅನ್ನದೆ
ತಾನೂ ಬಿರಡೆ ತಿರುವಿದ.

ನಲವತ್ತು ವರ್ಷ ನಾನು ಕೂತದ್ದು
ಸಮ ಬಲ್ಲವರ ಪಕ್ಕ.
ಹನ್ನೆರಡು ಮಾತ್ರೆ ಅಳೆದು ಕೊಟ್ಟರೆ
ಹನ್ನೆರಡನ್ನೂ ಚಿಲ್ಲರೆ ಸಮೇತ ಹಿಂದಿರುಗಿಸುವವರು.
ಈ ಕೇತಕಿಗೆ ಗೆಜ್ಜೆಯಿಲ್ಲ,
ಮಂಡಿಗೆ ಕಪ್ಪು ಪಟ್ಟಿ, ಹಿಮ್ಮಡಿಗೆ ಬಿಳಿ ಅಂಟುಬಟ್ಟೆ,
ಎಲ್ಲಿಗೋ ಗಾಯವಾಗಲೆಂದೇ ಹೊರಟವಳ ಹಾಗೆ.
ಎಲ್ಲಮ್ಮಾ ನಿನ್ನ ಸಮ? ಕೇಳಿದೆ.
"ಬಿದ್ದಾಗ ಗೊತ್ತಾಗುತ್ತೆ, ಕಾಕಾ."

ಬಿದ್ದಳು. ಬೆನ್ನು ಮೊದಲು, ಆಮೇಲೆ ತಲೆ,
ಆಮೇಲೆ ಬಸ್ಸಿನಲ್ಲಿ ಮರೆತ ಕೊಡೆಯ ಹಾಗೆ ಒಂದು ಕೈ.
ನನ್ನ ಧಾ ಬಂದದ್ದು ಆ ಕೈ ನೆಲ ಮುಟ್ಟಿ
ಅರ್ಧ ಉಸಿರಾದ ಮೇಲೆ.
ತಪ್ಪಿತು, ಅಂದುಕೊಂಡೆ.
"ಅದೇ! ಅದನ್ನ ಕಳೀಬೇಡಿ!"
ಮಲಗಿದಲ್ಲಿಂದಲೇ ಕೂಗಿದಳು.

ತಡವನ್ನು ಬರೆದಿಡುವ ಲಿಪಿ
ನನ್ನ ಗುರುಗಳ ಮನೆಯಲ್ಲಿರಲಿಲ್ಲ.
ರಾತ್ರಿ ಮನೆಯಲ್ಲಿ ಹೇಳಿದೆ: ಆ ಹುಡುಗಿ
ಬೇಕಂತಲೇ ಬೀಳ್ತಾಳೆ, ನಾನು
ಬೇಕಂತಲೇ ತಡ ಮಾಡಬೇಕಂತೆ.
ಕಣಕ ನಾದುತ್ತಿದ್ದ ಪದ್ದಿ ತಲೆ ಎತ್ತಲಿಲ್ಲ:
"ಅದಕ್ಕೆ ತಾಲೀಮು ಯಾಕ್ರೀ? ಮದುವೆಯಾದಾಗಿಂದ ಮಾಡ್ತಿದ್ದೀರಲ್ಲ."
ಆ ಕಣಕದಲ್ಲೇ ಒಂದು ಉಂಡೆ ಮುರಿದು
ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಳು.

ಶನಿವಾರ ರಾತ್ರಿ ಪ್ರಯೋಗ. ನೂರು ಪ್ಲಾಸ್ಟಿಕ್ ಕುರ್ಚಿ,
ಅರವತ್ತಕ್ಕೆ ಜನ, ಮಿಕ್ಕವಕ್ಕೆ ಅವರ ಚೀಲ.
ಗರಗಸ ಮಲಗಿತ್ತು. ಅದಿಲ್ಲದೆ ಮಾಳಿಗೆ
ಹಲ್ಲುಸೆಟ್ಟು ತೆಗೆದಿಟ್ಟ ಬಾಯಿ.
ನೆವಿಲ್ ದಪ್ಪ ತಂತಿಯಲ್ಲಿ ಅದರ ಸ್ವರ ಎಳೆದು ಹಿಡಿದ,
ತೀರಿಕೊಂಡ ಅಜ್ಜನ ದನಿ ಅನುಕರಿಸುವ ಮೊಮ್ಮಗನಂತೆ,
ಸ್ವಲ್ಪ ತಮಾಷೆ, ಸ್ವಲ್ಪ ಭಯ.

ಹದಿನೇಳನೆಯ ನಿಮಿಷವಿರಬೇಕು.
ಫ್ಯಾನಿನ ಗಾಳಿಗೆ ಅಂಚು ಒಣಗಿ ಬಿರಿದ ಹಿಟ್ಟು
ಎಡಮುಖದಿಂದ ಕಳಚಿ ಉರುಳಿತು.
ಗುಂ ಎನ್ನಬೇಕಾದಲ್ಲಿ ಟಪ್ ಎಂದಿತು ಚರ್ಮ.
ಬಚ್ಚಲಿನ ಬಾಗಿಲು ಯಾರೋ ತೆರೆದಂತಾಯಿತು ನನಗೆ.
ಅವಳ ಭುಜ ತಿರುಗಿದ್ದು ಮೊದಲು, ಮುಖ ಆಮೇಲೆ.
ತೆವಳಿ ಬಂದಳು, ತಾಲೀಮಿನಲ್ಲಿಲ್ಲದ ದಾರಿಯಲ್ಲಿ,
ಎದ್ದಳು, ಹಿಮ್ಮಡಿ ಇಟ್ಟಳು ಹಿಟ್ಟಿನ ಮೇಲೆ,
ಭಾರ ಹಾಕದೆ,
ಜ್ವರದ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ.
ಬಲಗೈಯೊಂದರಲ್ಲೇ ತಿಟ ತಿಟ ತಿಟ
ಎಷ್ಟೋ ಹೊತ್ತು, ಎಣಿಸಲಿಲ್ಲ;
ಎಡಗೈ ಗಾಳಿಯಲ್ಲಿ, ಎಲ್ಲಿಡಬೇಕೆಂದು ತೋಚದೆ.
ನೆವಿಲ್ ಕಮಾನು ಎತ್ತಿದ.

ಆಗ ಭಾರ ಹಾಕಿದಳು.

ಧಾ ನಾನು ಹಾಕಲಿಲ್ಲ. ಯಾರೂ ಹಾಕಲಿಲ್ಲ.
ಎರಡನೆಯ ಸಾಲಿನ ಯಾರೋ ಮುದುಕ
"ಹಾಂ" ಅಂದ, ಅಷ್ಟೆ.

ನುಡಿಸಿದ ಹಿಟ್ಟನ್ನು ನಮ್ಮ ಮನೆಯಲ್ಲಿ ತಿಪ್ಪೆಗೆ ಎಸೆಯುವುದಿಲ್ಲ.
ಮಾರ್ಕೆಟ್ಟಿನ ತಿರುವಿನಲ್ಲೊಂದು ಕುಂಟ ಹಸು
ನನ್ನ ಸ್ಕೂಟರಿನ ಸದ್ದು ಬಲ್ಲದು.
ಬಟ್ಟೆ ಬಿಚ್ಚಿದೆ. ಹಿಮ್ಮಡಿಯ ಗುಳಿ,
ಅಂಟುಬಟ್ಟೆಯ ನೇಯ್ಗೆಯ ಅಚ್ಚು,
ಒಂದಿಷ್ಟು ಸಾಗುವಾನಿ ಪುಡಿ.
ಕೊಡಲೋ ಬೇಡವೋ ಎಂದು
ಇಂಜಿನ್ ಆರಿಸದೆ ನಿಂತೆ.
ಹಸು ಕಾಯಲಿಲ್ಲ. ನಾಲಗೆ ಚಾಚಿ
ಗುಳಿ ಸಮೇತ ಎಳೆದುಕೊಂಡಿತು,
ಯಾಕೋ ಅರ್ಧ ಉಸಿರು ತಡೆದು
ಅಗಿಯತೊಡಗಿತು.