ಏಳು ಮನೆಯ ಸಾಲು

ಕಾರಟಗಿಯಲ್ಲಿ ಸುಗ್ಗಿ ಶುರುವಾದರೆ
ತೂಕದ ಕಟ್ಟೆಯ ಈ ತಗಡಿನ ಕೋಣೆಗೆ ನಿದ್ದೆಯಿಲ್ಲ.
ಕಿಟಕಿಯ ಸಂದಿಯಿಂದ ತೌಡಿನ ಧೂಳು ಬಂದು
ಕೀಲಿಮಣೆಯ ಮೇಲೆ ಕೂರುತ್ತದೆ.
ನಾನು ಊದುತ್ತೇನೆ, ಅದು ಮತ್ತೆ ಕೂರುತ್ತದೆ.
ಹೊರಗೆ ಟ್ರ್ಯಾಕ್ಟರುಗಳ ಸಾಲು
ಕಾಲುವೆಯ ಸೇತುವೆ ದಾಟಿ ಸಿಂಧನೂರು ರಸ್ತೆಗೆ ಬಿದ್ದಿದೆ.

ಚೀಟಿ ಅಚ್ಚು ಹಾಕುವ ಯಂತ್ರ ಅಂಗೈಯಷ್ಟು.
ಸಾಲಿಗೆ ಮೂವತ್ತೆರಡು ಮನೆ.
ಊರಿಗಿಷ್ಟು, ಗಾಡಿ ನಂಬರಿಗಿಷ್ಟು, ತೂಕಕ್ಕಿಷ್ಟು ಅಂತ ಹಂಚಿದ ಮೇಲೆ
ಹೆಸರಿನ ಪಾಲಿಗೆ ಉಳಿದದ್ದು ಏಳು.
ಯಾರೋ ಬರೆದಿಟ್ಟ ಲೈಬ್ರರಿ ಇತ್ತು, ಪುಕ್ಕಟೆ.
ಅಗಲ ಎಷ್ಟೆಂದು ಹೇಳಿದರೆ ಸಾಕು,
ಎಂಥ ಬರಹವನ್ನೂ ಮಡಚಿ ಕೊಡುತ್ತದೆ
ಇಸ್ತ್ರಿ ಅಂಗಡಿಯವನು ಅಂಗಿ ಮಡಚಿದ ಹಾಗೆ.
ಇಂಗ್ಲಿಷಿನಲ್ಲಿ ಹಾಕಿ ನೋಡಿದೆ, ಚೊಕ್ಕ.
ಸಂಜೆ ಕನ್ನಡಕ್ಕೆ ತಿರುಗಿಸಿ ಮನೆಗೆ ಹೋದೆ.

ಮರುದಿನದ ಮೂರನೇ ಗಾಡಿ ಬೂದಗುಂಪದ್ದು.
ಚೀಟಿ ಹರಿದುಕೊಂಡವನು ಹೋಗಲಿಲ್ಲ, ಕಿಟಕಿಗೇ ನಿಂತ.
“ಕಂಪ್ಯೂಟ್ರಮ್ಮ, ಒಂಚೂರು ನೋಡಿಲ್ಲಿ.
ನನ್ನ ಹೆಸರು ಗ್ಯಾನಪ್ಪ.
ನೀ ನಮ್ಮ ಅಪ್ಪನ್ನ ನಡಕ್ಕ ಕೊಯ್ದೀಯಲ್ಲ?”
ನೋಡಿದೆ. ಮೇಲಿನ ಸಾಲಿನಲ್ಲಿ

ಗ್ಯಾನಪ್

ಕೆಳಗೆ, ಒಂಟಿಯಾಗಿ,

ಪ

ಹಿಂದಿನ ಗಾಡಿಯವರು ಹಾರ್ನು ಹೊಡೆದರು.

ಮಧ್ಯಾಹ್ನ ರೊಟ್ಟಿಯ ಗಂಟು ಬಿಚ್ಚದೆ ಎಣಿಸುತ್ತ ಕೂತೆ.
ಕಣ್ಣಿಗೆ ಮೂರೇ ಅಕ್ಷರ. ಬಾಯಿಗೂ ಮೂರೇ.
ಲೈಬ್ರರಿಗೆ ಮಾತ್ರ ಎಂಟು:
ಗ ಒಂದು, ಅದರ ಉಸಿರು ಕಟ್ಟುವ ಕೊಕ್ಕೆ ಒಂದು,
ಯ ಒಂದು, ದೀರ್ಘದ ಬಾಲ ಒಂದು,
ನ,
ಪ, ಮತ್ತೆ ಕೊಕ್ಕೆ, ಮತ್ತೆ ಪ.
ಅಳಗುಳಿಮಣೆಯ ಹುಣಸೆಬೀಜದಂತೆ
ಕುಳಿಗೊಂದು ಕುಳಿಗೊಂದು ಹಾಕುತ್ತ ಹೋಗಿ
ಏಳನೆಯದಕ್ಕೆ ಸಾಲು ಮುಗಿಯಿತು,
ಎಂಟನೆಯ ಬೀಜ ಎದುರಾಳಿಯ ಮನೆಗೆ ಬಿತ್ತು.
ಅದರ ತಪ್ಪೇನಿದೆ?
ಒತ್ತು ಮೇಲಿನ ಅಕ್ಷರದ ಪಾದ ಹಿಡಿದೇ ಬದುಕುತ್ತದೆ ಅಂತ
ಅದಕ್ಕೆ ಯಾರೂ ಒಂದನೇ ಇಯತ್ತೆ ಕಲಿಸಿಲ್ಲ.

ಉದ್ದ ಪದ ಒಡೆಯಬೇಡ ಅನ್ನುವ ಒಂದು ಆಯ್ಕೆ ಇತ್ತು. ಕೊಟ್ಟೆ.
ಹನುಮಂತರಾಯಗೌಡರು ಗೆರೆ ದಾಟಿ ನಡೆದು
ತೂಕವನ್ನೇ ಅತ್ತ ನೂಕಿದರು,
ನಲವತ್ತೆರಡು ಕ್ವಿಂಟಲಿನ ಎರಡು ಕಾಗದದಾಚೆ ಬಿತ್ತು.
ಮೊಟಕು ಮಾಡು ಅನ್ನುವುದು ಇನ್ನೊಂದು. ಅದನ್ನೂ ಕೊಟ್ಟೆ.
ಹೆಸರು ನುಂಗಿ, ಮೂರು ಚುಕ್ಕೆ ಇಟ್ಟು, ಕೈ ತೊಳೆದುಕೊಂಡಿತು.
ಅವತ್ತು ಅರ್ಧ ಊರಿನ ಜನ
ಬರೀ ಚುಕ್ಕೆ.

ಗೋಣಿಚೀಲದ ಬಾಯಿ ಹೊಲಿಯುವ ರಮಜಾನ್‌ಬಿ ನೀರಿಗೆ ಬಂದಳು.
ದಬ್ಬಣವನ್ನು ಸೆರಗಿಗೆ ಚುಚ್ಚಿಕೊಂಡು ಪರದೆ ನೋಡಿದಳು.
ಓದು ಬಾರದು.
“ಇದು ಚಲೋ ಆತು ಬಿಡು, ಸಾಲೆಲ್ಲ ಸಮ ಬಂದಾವ.”
ಸಮ ಬಂದಿದ್ದವು, ನಿಜ.
ಅವಳ ಬೆನ್ನ ಹಿಂದೆ ಬಾಗಿಲಾಚೆ ಅವಳೇ ಹೊಲಿದ ಚೀಲಗಳು:
ಹಮಾಲರ ಕೈಗೆ ಸಿಗಲಿ ಅಂತ ಎರಡೂ ತುದಿಗೆ ಕಿವಿ ಬಿಟ್ಟದ್ದು,
ಒಂದರ ಹಾಗೆ ಒಂದಿಲ್ಲ.

ರಾತ್ರಿ ಕೂತು ಹತ್ತೊಂಬತ್ತು ಸಾಲು ಕೋಡು ಬರೆದೆ.
ಕೊಕ್ಕೆಯ ಬೆನ್ನಿಗೆ ಕತ್ತರಿ ಇಡಬೇಡ.
ಕೊಂಬು, ಗುಡಿಸು, ಸೊನ್ನೆ
ಯಾವುದನ್ನೂ ಹೆತ್ತ ಅಕ್ಷರದಿಂದ ಕೀಳಬೇಡ.
ಎಣಿಸುವುದಾದರೆ ಬಾಯಿ ಎಣಿಸುವ ಹಾಗೆ ಎಣಿಸು.
ಅಂಚು ಡೊಂಕಾದರೆ ಆಗಲಿ.
ಅರ್ಕಾವತ್ತಿನ ಹತ್ತಿರ ಎರಡು ಸಲ ಸೋತೆ:
ಬರೆಯುವಾಗ ಕೊನೆಗೆ ಬರುವವನು
ಒಳಗೆ ಮೊದಲೇ ಬಂದು ಕೂತಿರುತ್ತಾನೆ.

ಈಗ ಚೀಟಿ ಎರಡು ಬೆರಳು ಉದ್ದ.
ಸುರುಳಿ ಬೇಗ ಮುಗಿಯುತ್ತದೆ ಅಂತ ಸಾಹುಕಾರರು ಗೊಣಗಿದರು,
ಪಗಾರದಲ್ಲಿ ಹಿಡಿಯುವ ಮಾತೂ ಬಂತು.
ಹಿಡಿದಿಲ್ಲ, ಇನ್ನೂ.

ಗುರುವಾರ ಗ್ಯಾನಪ್ಪ ಎರಡನೇ ಲೋಡು ತಂದ.
ಹೆಸರು ಇಡಿಯಾಗಿ ಬಂತು, ಒತ್ತು ಸಮೇತ,
ಪಕ್ಕದಲ್ಲಿ ಇನ್ನೂ ನಾಲ್ಕು ಮನೆ ಖಾಲಿ.
ನಾನು ಅವನ ಮುಖವನ್ನೇ ನೋಡುತ್ತಿದ್ದೆ.
ಅವನು ತೂಕ ನೋಡಿದ,
ತೇವಕ್ಕೆ ಎಷ್ಟು ಕಳೆದರು ನೋಡಿದ,
ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಳಿಸಿದ.
ಮೊದಲನೆಯ ಮಡಿಕೆ ಬಿದ್ದದ್ದು
ಸರಿಯಾಗಿ ಹೆಸರಿನ ಮೇಲೆ,
ನಕಾರದ ನಡುವೆ.