ಜೇಬಿನ ಮೂಲೆ

ಹುಸೇನಮ್ಮನ ತೋಳಿನ ಒಂದು ಚೂರು
ಬೆಳಿಗ್ಗೆ ಹತ್ತೂವರೆಗೆ ನನ್ನ ಮೇಜಿಗೆ ಬಂತು,
ಫಾರ್ಮಾಲಿನ್ ಸೀಸೆಯಲ್ಲಿ, ಮೆಂತ್ಯೆ ಕಾಳಿನಷ್ಟು.
ಚೀಟಿಯ ಮೇಲೆ: ವಯಸ್ಸು ನಲವತ್ತೇಳು,
ಕೌಲ್ ಬಜಾರು, ಜೀನ್ಸ್ ಹೊಲಿಗೆ.
ನಮ್ಮ ಓಣಿಯವಳೇ.

ಹೋದ ಬೇಸಿಗೆ, ಕರೆಂಟು ಹೋದಾಗ
ಅವಳ ಮಷೀನಿನ ಪಕ್ಕ ಕೂತು ಕೇಳಿದ್ದೆ,
ಜೇಬಿನ ಮೂಲೆಗೆ ಯಾಕೆ ಇಷ್ಟೊಂದು ದಾರ?
ನಕ್ಕಳು. ಉಗುರಿನ ಸಂದಿಯಲ್ಲಿ ನೀಲಿ.
"ಬಟ್ಟಿ ನಡುವಿಗೆ ಹರಿಯಂಗಿಲ್ಲೋ.
ಮನಷ್ಯಾ ಕೈ ಹಾಕಿ ಎಳಿಯೋದು ಮೂಲ್ಯಾಗ.
ಎಲ್ಲಿ ಎಳಿತಾರೋ ಅಲ್ಲಿ ಬಿಗಿ."
ತಾಮ್ರದ ರಿವೆಟ್ಟೊಂದನ್ನು ಬೆರಳ ತುದಿಯಲ್ಲಿ ತಿರುಗಿಸಿದಳು.
ಆ ಬೆರಳಿಗೆ ಜಡ್ಡು, ಸೂಜಿ ಚುಚ್ಚಿದರೂ ರಕ್ತ ಬರದಷ್ಟು.

ಜಡ್ಡೂ ಒಂದು ಹೊಲಿಗೆ ಎಂದು ಆಗ ಹೇಳಲಿಲ್ಲ.
ದಿನವಿಡೀ ದಪ್ಪ ಬಟ್ಟೆ ಒತ್ತಿದ ಜಾಗದಲ್ಲಿ
ಚರ್ಮ ತಾನೇ ಲೆಕ್ಕ ಇಟ್ಟು ಪದರ ಕಟ್ಟುತ್ತದೆ.
ಕೋಶಕ್ಕೆ ಕಣ್ಣಿಲ್ಲ. ಪಕ್ಕದಲ್ಲಿ ಯಾರಾದರೂ ಇದ್ದಾರೋ
ಎಳೆದು ನೋಡಿಯೇ ತಿಳಿಯಬೇಕು.
ನಡುವೆ ಚಾಚಿದ ಕೈಗಳು
ಚೂರು ಸುಣ್ಣವಿಲ್ಲದೆ ನೆಟ್ಟಗಾಗವು,
ಸುಣ್ಣ ಮರೆತ ಎಲೆಯಡಿಕೆ ಎಷ್ಟು ಅಗಿದರೂ ಕೆಂಪೇರದ ಹಾಗೆ.
ಎಳೆತ ಬಿದ್ದಾಗ ಒಳಗೊಂದು ಪ್ರೋಟೀನು ಮಡಿಕೆ ಬಿಚ್ಚುತ್ತದೆ,
ಮಡಿಕೆಯಲ್ಲಿ ಅಡಗಿದ್ದ ಕೊಂಡಿ ಹೊರಗೆ ಕಾಣುತ್ತದೆ,
ಎಲ್ಲೋ ತೇಲಾಡುತ್ತಿದ್ದ ಇನ್ನೊಂದು ಬಂದು ಅದನ್ನು ಹಿಡಿಯುತ್ತದೆ,
ಅದರ ಹಿಂದೆ ಹಗ್ಗ, ಹಗ್ಗದ ಹಿಂದೆ ಇಡೀ ಕೋಶದ ಬಲ.
ಎಳೆಯದಿದ್ದರೆ ಮಡಿಕೆ ಮಡಿಕೆಯಾಗಿಯೇ ಉಳಿಯುತ್ತದೆ.
ಯಾರೂ ಬರುವುದಿಲ್ಲ.

ಮೊದಲು ಬಾಯಿಹುಣ್ಣು. ವಗ್ಗರಣೆ ಜೊತೆ ಮಿರ್ಚಿ ಬಿಟ್ಟಳು,
ಬಳ್ಳಾರಿಯಲ್ಲಿ ಅದೇ ಅರ್ಧ ಕಾಯಿಲೆ.
ಆಮೇಲೆ ಬೆನ್ನು, ತೋಳು, ನೀರುತುಂಬಿದ ಬೊಕ್ಕೆ.
ಬಿಸಿಲು ಅಂದರು, ಅಮ್ಮ ಅಂದರು, ಬೇವಿನ ಸೊಪ್ಪು ಹಾಸಿದರು.
ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಹೆಬ್ಬೆರಳಿಂದ ಮೆಲ್ಲಗೆ ಒತ್ತಿ ಸರಿಸಿದಾಗ
ಮೇಲ್ದೊಗಲು ಹಾಲಿನ ಕೆನೆಯಂತೆ ಜರುಗಿತಂತೆ.

ನೆಟ್ಟಗಿರುವ ಚರ್ಮ ನೋಡಿ ನೋಡಿ ರೂಢಿ ನನಗೆ.
ಸೀಸೆಯಲ್ಲಿ ಕೋಶಗಳು ಕುಗ್ಗುತ್ತವೆ, ಹಿಂದೆ ಸರಿಯುತ್ತವೆ,
ಹಿಡಿದ ಕೈ ಮಾತ್ರ ಬಿಡುವುದಿಲ್ಲ.
ಗಾಜಿನ ಮೇಲೆ ಆ ಕೈಗಳು ಮುಳ್ಳಿನಂತೆ ಕಾಣುತ್ತವೆ,
ಪುಸ್ತಕದಲ್ಲೂ ಅದು ಮುಳ್ಳುಪದರ.
ಹೆಸರಿಟ್ಟವನು ಅವಸರದಲ್ಲಿದ್ದ.

ಮರುದಿನ ಮೇಣದ ಅಚ್ಚಿನಿಂದ ತೆಳ್ಳಗೆ ಕೊಯ್ದು
ನೀಲಿ ಹಾಕಿ, ಗುಲಾಬಿ ಹಾಕಿ
ಹುಸೇನಮ್ಮನನ್ನು ಬೆಳಕಿಗಿಟ್ಟೆ.
ಮುಳ್ಳಿಲ್ಲ.
ಕೋಶಗಳು ದುಂಡಗೆ, ಒಂಟಿಯಾಗಿ, ನೀರಿನಲ್ಲಿ.
ತಳದ ಸಾಲೊಂದು ನೆಲ ಹಿಡಿದು ನಿಂತಿದೆ
ಗೋರಿಕಲ್ಲುಗಳ ಹಾಗೆ, ಅಕ್ಕಪಕ್ಕ ಮಾತಿಲ್ಲದೆ.
ಅವಳ ರಕ್ತವೇ ಅವಳ ರಿವೆಟ್ಟು ಕೀಳುತ್ತಿತ್ತು.
ಬರೆದು ಸಹಿಗೆ ಕಳಿಸಿದೆ. ಆಮೇಲೆ ಚಹಾ ಕುಡಿಯಲಾಗಲಿಲ್ಲ.

ನಾಲ್ಕು ತಿಂಗಳು ಮಾತ್ರೆ. ಮುಖ ಊದಿತು,
ರಾತ್ರಿ ಎರಡಕ್ಕೆ ಎದ್ದು ರೊಟ್ಟಿ ತಿನ್ನುವಷ್ಟು ಹಸಿವು,
ಬೆನ್ನ ಮೇಲೆ ಕಂದು ಕಲೆಗಳು, ನಕ್ಷೆಯಂತೆ.
ಬೆರಳಿನ ಜಡ್ಡು ಹೋಗಿದೆ.
"ಕೂಸಿನ ಕೈ ಆಗ್ಯಾವ ನೋಡು" ಎನ್ನುತ್ತಾಳೆ, ನಾಚಿಕೆಯಿಂದ.
ಮತ್ತೆ ಮಷೀನಿಗೆ ಕೂತ ಮೊದಲ ವಾರ
ಕತ್ತರಿ ತಾಗಿದಲ್ಲೆಲ್ಲ ಕೆಂಪು.
ಬರೀ ಕೆಂಪು. ಬೊಕ್ಕೆಯಿಲ್ಲ.
ಎರಡೆರಡು ಸಲ ನೋಡಿದೆ.

ಮೊನ್ನೆ ಡ್ಯೂಟಿಗೆ ಹೊರಟವನನ್ನು ಬಾಗಿಲಲ್ಲೇ ನಿಲ್ಲಿಸಿದಳು.
"ಅವತ್ತು ಗಾಜಿನ್ಯಾಗ ಏನ್ ಕಂಡಿತ್ತೋ?"
ಎಲ್ಲಿಂದ ಶುರು ಮಾಡಲಿ, ಸುಣ್ಣದಿಂದಲೋ, ಮುಳ್ಳಿನಿಂದಲೋ,
ಬಾಯಿ ತೆರೆಯುವಷ್ಟರಲ್ಲಿ
ನನ್ನ ಬಿಳಿ ಕೋಟಿನ ಜೇಬಿಗೆ ಎರಡು ಬೆರಳು ತೂರಿಸಿ
ಮೂಲೆ ಹಿಡಿದು ಜಗ್ಗಿದಳು. ಇನ್ನೊಮ್ಮೆ, ಜೋರಾಗಿ.
ಚರ್ರೆಂದಿತು.
"ಕೋಟು ಬಿಚ್ಚು ಇಲ್ಲಿ" ಎಂದಳು.