ನಾಲ್ಕು ಚುಕ್ಕಿ

ಮೊದಲು ಚುಕ್ಕಿಗಳ ಪಾಠ.
ಒಂದರ ಮೇಲೊಂದು ಎರಡು ಚುಕ್ಕಿ ಇದ್ದರೆ
'ಇದಕ್ಕೆ ಇದು' ಎಂದು ಓದಬೇಕು.
ಜೋಡಿ ಜೋಡಿಯಾಗಿ ನಾಲ್ಕಿದ್ದರೆ, 'ಅಂತೆ'.
ಬೋರ್ಡಿನ ಮೇಲೆ ಬರೆದೆ:
ಹಸು : ಕರು :: ಕುರಿ : ____

ಐದನೇ ಕ್ಲಾಸು, ಇಪ್ಪತ್ತಮೂರು ಮಕ್ಕಳು,
ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನ ಹಿಂದಿನ ಬೀದಿ.
ಕಿಟಕಿ ತೆಗೆದರೆ ಬೆಂದ ಹುಳುವಿನ ವಾಸನೆ,
ಮುಚ್ಚಿದರೆ ಸೆಕೆ.
ವಾಸನೆಯೇ ವಾಸಿ ಎಂದು
ನಾನು ಬಂದ ದಿನವೇ ಮಕ್ಕಳು ತೀರ್ಪು ಕೊಟ್ಟಿದ್ದರು.

ಗಂಗರತ್ನ ನಾಲ್ಕು ಚುಕ್ಕಿಗೂ ಗೆರೆ ಎಳೆದು
ಮೂಲೆಗೊಂದು ಎಸಳು ಬಿಡಿಸಿ ತಂದಳು.
'ಇದು ಚಿಕ್ಕದು ಮಿಸ್,
ನಮ್ಮಮ್ಮ ಹದಿನೈದು ಚುಕ್ಕೀದು ಹಾಕ್ತಾಳೆ.'

ಕುರಿಗೆ ಮರಿ. ನಾಯಿಗೂ ಮರಿ. ಕೋಳಿಗೆ?
'ಪಿಲ್ಲ!' ಅಂದ ಚೌಡೇಶ.
ಮನೆಮಾತು ತೆಲುಗು. ಅಲ್ಲಿ
ಕೋಳಿಗೂ ಪಿಲ್ಲ, ಮೇಕೆಗೂ ಪಿಲ್ಲ,
ಜಗಳವಾಡುವ ತಂಗಿಗೂ ಪಿಲ್ಲ.
ಒಂದೇ ಮಾತಲ್ಲಿ ಇಷ್ಟು ಜನ ಮಲಗುವ ಮನೆಯಿಂದ ಬಂದವನಿಗೆ
ಕೆಂಪು ಗೆರೆ ಎಳೆಯಲು ಕೈ ಬರಲಿಲ್ಲ.
ಅರ್ಧ ಅಂಕ ಕೊಟ್ಟೆ.
ಈ ಪರೀಕ್ಷೆಯಲ್ಲಿ ಅರ್ಧ ಅಂಕ ಇಲ್ಲ.

ವಸತಿ ಶಾಲೆಯ ಪ್ರವೇಶಕ್ಕೆ ಗೈಡು ತರಿಸಿದ್ದೆ.
ಉತ್ತರಗಳು ಕೊನೆಯ ಪುಟದಲ್ಲಿ ತಲೆಕೆಳಗಾಗಿ ಅಚ್ಚಾಗಿವೆ,
ಬಾವಲಿಗಳ ಹಾಗೆ.

ಜ್ವರ : ಮಾತ್ರೆ :: ಗಾಯ : ಮುಲಾಮು.
'ಹುಳಕ್ಕೆ ಜ್ವರ ಬಂದ್ರೆ ಮಾತ್ರೆ ಇಲ್ಲ ಮಿಸ್,
ಸೊಪ್ಪು ಹಾಕೋದು ನಿಲ್ಲಿಸ್ತಾರೆ. ಪೊರೆ ಬಿಡತ್ತೆ.
ನಾಲ್ಕು ಜ್ವರ ಆದ್ಮೇಲೆ ಹಣ್ಣಾಗತ್ತೆ.'
ಮಾವಿನ ಹಾಗಾ?
'ಅಯ್ಯೋ, ಹಣ್ಣಾದ್ರೆ ಚಂದ್ರಿಕೆಗೆ ಬಿಡ್ತಾರೆ!'
ನಾನು ಕೊಬ್ಬರಿ ಸೀಮೆಯವಳು, ತಿಪಟೂರು.
ಚಂದ್ರಿಕೆ ಅಂದರೆ ಬೆಳದಿಂಗಳು ಅಂದುಕೊಂಡಿದ್ದೆ.
ಇವರಿಗದು ಬಿದಿರಿನ ತಟ್ಟೆ, ಸುತ್ತು ಸುತ್ತಾಗಿ ದಬ್ಬೆ.
ಆ ಹೊತ್ತು ಇಪ್ಪತ್ತಮೂರು ಮಂದಿ ಮೇಷ್ಟ್ರು,
ನಾನೊಬ್ಬಳು ಪಿಲ್ಲ.

ಸರಿ, ಇವರದೇ ಊರಿನದು ಕೇಳೋಣ,
ಸುಲಭವಾದದ್ದು, ಎಲ್ಲರಿಗೂ ಒಂದು ಅಂಕ ಸಿಗಲಿ:
ಹಕ್ಕಿ : ಗೂಡು :: ಹುಳು : ____
'ಗೂಡು!' ಹೆಂಚು ಹಾರುವ ಹಾಗೆ.

ಹಾಜಿರಾ ಮಾತ್ರ ಬಾಯಿ ಬಿಡಲಿಲ್ಲ.
ಅವಳಮ್ಮ ನೂಲು ತೆಗೆಯುವವಳು,
ದಿನವಿಡೀ ಬಿಸಿನೀರಲ್ಲಿ ಬೆರಳು;
ದಾಖಲಾತಿಗೆ ಹೆಬ್ಬೆಟ್ಟು ಒತ್ತಿದಾಗ
ಗೆರೆಗಳೇ ಮೂಡಿರಲಿಲ್ಲ.
ಯಾಕಮ್ಮ, ಗೊತ್ತಿಲ್ವಾ?

'ಹಕ್ಕಿ ಗೂಡಿಂದ ಆಚೆ ಬರತ್ತೆ ಮಿಸ್.
ಹುಳ ಬರಲ್ಲ.
ಬಂದ್ರೆ ಗೂಡು ತೂತು,
ತೂತು ಗೂಡಿಗೆ ರೇಟಿಲ್ಲ.'

ಯಾರೂ ನಗಲಿಲ್ಲ.
ಹೊರಗೆ ಲಗೇಜ್ ಆಟೋ ಹಿಂದಕ್ಕೆ ಬರುವ ಪೀಂ ಪೀಂ.

ಹಾಗಾದರೆ ಏನು ಬರೆಯೋಣ, ಹೇಳು.
ಯೋಚಿಸಿದಳು, ಜಡೆಯ ತುದಿ ಕಚ್ಚಿಕೊಂಡು.
'ನೀರು' ಅಂದಳು. ಆಮೇಲೆ 'ಅಲ್ಲ, ಸೀರೆ' ಅಂದಳು.
ಆಮೇಲೆ 'ಗೊತ್ತಿಲ್ಲ ಮಿಸ್' ಎಂದು ಕೂತಳು.

ಗೈಡಿನ ಬಾವಲಿಗಳನ್ನು ಕೇಳುವಂತಿಲ್ಲ.
ಈ ಪ್ರಶ್ನೆ ನನ್ನದು.

ಆ ನಾಲ್ಕು ಚುಕ್ಕಿಗಳನ್ನು ನೋಡುತ್ತ ನಿಂತೆ.
ಅಂತೆ ಅಂದರೆ ಹಾಗೆಯೇ ಎಂದೂ ಹೌದು,
ಯಾರೋ ಅಂದರು, ನಾನು ಕಂಡಿಲ್ಲ ಎಂದೂ ಹೌದು.
ಹಕ್ಕಿಗೆ ಗೂಡಂತೆ.
ಹುಳುವಿಗೂ ಗೂಡಂತೆ.
ಇಷ್ಟು ವರ್ಷ ಕಲಿಸಿದ್ದೆಲ್ಲ ಯಾವ ಅಂತೆಯೋ.

ಡಸ್ಟರ್ ಎತ್ತಿ 'ಗೂಡು' ಎಂಬುದೊಂದನ್ನು ಒರೆಸಿದೆ,
ಎರಡನೆಯದನ್ನು. ಪೂರ್ತಿ ಹೋಗಲಿಲ್ಲ,
ಕೊಂಬಿನ ಬಾಲ ಉಳಿಯಿತು.

ಹಿಂದಿನ ಸಾಲಿಂದ ಚೌಡೇಶ ಕೈ ಎತ್ತಿದ:
'ಮಿಸ್, ಖಾಲಿ ಬಿಟ್ರೆ
ಅಂಕ ಕಳಿಯಲ್ಲ ಅಲ್ವಾ?'